ಭಾನುವಾರದ ಸಾರು, ಅವಳ ವೈನು

ನನ್ನ ಹೆಂಡತಿ ತೀರಿಕೊಂಡ ಮೇಲೆ ಜನ ನನಗೆ ಹೇಳಿದ ಬುದ್ಧಿಮಾತುಗಳಲ್ಲಿ ಮುಕ್ಕಾಲು ಪಾಲು ಒಂದೇ. 'ಇನ್ನಾದ್ರೂ ಕುಡಿಯೋದ್ ಬಿಡಪ್ಪ.' ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಹೇಳಿದವರಿಗೆಲ್ಲ ಹೂಂ ಎಂದು ತಲೆಯಾಡಿಸಿದ್ದೇನೆ. ನಾನು ಕುಡುಕನಲ್ಲ. ವಾರಕ್ಕೊಮ್ಮೆ, ಭಾನುವಾರ ಸಂಜೆ, ಊಟದ ಜೊತೆಗೆ ಒಂದು ಲೋಟ ವೈನ್ ಕುಡಿಯುತ್ತಿದ್ದೆ. ಅದನ್ನು ಬಗ್ಗಿಸಿ ಕೊಡುತ್ತಿದ್ದವಳು ಅವಳು. ಯಾವ ಸಾರಿಗೆ ಯಾವ ವೈನ್ ಎಂದು ಗೊತ್ತು ಮಾಡುತ್ತಿದ್ದವಳೂ ಅವಳೇ. ಮನೆಯಲ್ಲಿ ವೈನಿನ ಹುಚ್ಚು ಇದ್ದದ್ದು ಅವಳಿಗೆ. ನಾನು ಬರೀ ಜೊತೆಗಾರ. ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಬರೆಯಬಹುದು. ಬರೆಯುವಾಗಲೂ ಯಾರ ಹೆಸರನ್ನೂ ಹಾಕುವುದಿಲ್ಲ. ಯಾಕೆ ಎಂಬುದು ಪೂರ್ತಿ ಓದಿದವರಿಗೆ ತಿಳಿಯುತ್ತದೆ.

ಹಾಸನದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ. ಮೋಟಾರು ಮಾರುವುದು, ಸುಟ್ಟುಹೋದದ್ದನ್ನು ವೈಂಡಿಂಗ್ ಮಾಡಿಕೊಡುವುದು. ಅವಳು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದಳು. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಬಸ್ಸಿನಲ್ಲೇ ವಾಪಸು. ನನ್ನ ಊರು ಚನ್ನರಾಯಪಟ್ಟಣ ತಾಲ್ಲೂಕು, ದಂಡಿಗನಹಳ್ಳಿ ಕಡೆ. ಅಲ್ಲಿ ಅವ್ವ ಮತ್ತು ನನ್ನ ತಮ್ಮ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಅವಳ ತವರು ಅರಕಲಗೂಡಿನ ಹತ್ತಿರ. ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ಹರಕೆ ಎಲ್ಲ ಮುಗಿಸಿ, ಇನ್ನು ಸಾಕು ಎಂದು ಇಬ್ಬರೂ ಒಪ್ಪಿಕೊಂಡ ಮೇಲೆ ಭಾನುವಾರಗಳು ಬಹಳ ಉದ್ದವಾಗಿಬಿಟ್ಟಿದ್ದವು. ಅಂಗಡಿಗೆ ರಜ, ಕಾಲೇಜಿಗೆ ರಜ, ಮನೆಯಲ್ಲಿ ಇಬ್ಬರೇ. ಅವಳು ಅಡುಗೆ ಮಾಡುವುದು, ನಾನು ಉಂಡು ಮಲಗುವುದು. ಹಾಗೇ ನಡೆಯುತ್ತಿತ್ತು.

ಒಂದು ಸಲ ಅವಳ ಕಾಲೇಜಿನ ಮೇಡಮ್ಮುಗಳೆಲ್ಲ ಸೇರಿ ನಂದಿ ಬೆಟ್ಟದ ಕಡೆಗೆ ಟ್ರಿಪ್ ಹೋದರು. ಬರುವಾಗ ದಾರಿಯಲ್ಲಿ ವೈನ್ ತಯಾರಿಸುವ ಜಾಗವೊಂದಕ್ಕೆ ನುಗ್ಗಿದ್ದಾರೆ. ಅಲ್ಲಿಯವನು ತೊಟ್ಟಿ ತೋರಿಸಿ, ಪೀಪಾಯಿ ತೋರಿಸಿ, ಚೂರು ಚೂರೇ ವೈನ್ ಕೊಟ್ಟು, ಇದಕ್ಕೆ ಚೀಸ್ ಹೊಂದುತ್ತೆ, ಇದಕ್ಕೆ ಪಾಸ್ತಾ ಹೊಂದುತ್ತೆ ಎಂದು ಪಾಠ ಒಪ್ಪಿಸಿದನಂತೆ. ಉಳಿದವರು ಮುಖ ಕಿವುಚಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರೆ ಇವಳು ಕೈ ಎತ್ತಿ ಕೇಳಿದ್ದಾಳೆ: 'ಹುರುಳಿಕಾಳು ಬಸ್ಸಾರಿಗೆ ಯಾವುದು ಕುಡಿಬೇಕು ಸರ್?' ಆ ಮನುಷ್ಯ ಬೆಪ್ಪಾಗಿ, ಅದು ತನಗೆ ಗೊತ್ತಿಲ್ಲ ಮೇಡಂ ಎಂದನಂತೆ. ಮನೆಗೆ ಬಂದವಳು ಬ್ಯಾಗು ಕೆಳಗಿಡದೆ ನಿಂತೇ ಇದನ್ನೆಲ್ಲ ಹೇಳಿದಳು. ಕಣ್ಣು ಹೊಳೆಯುತ್ತಿತ್ತು. ಅಂಥ ಕಣ್ಣನ್ನು ನಾನು ನೋಡಿ ಬಹಳ ದಿನಗಳಾಗಿದ್ದವು.

'ಅವನಿಗೆ ಗೊತ್ತಿಲ್ಲ ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ ತಾನೇ? ನಾವೇ ಕಂಡುಹಿಡಿಯೋಣ ಕಣ್ರೀ,' ಎಂದಳು.

ನನಗೆ ಸಿಟ್ಟು ಬಂತು. 'ನಿನಗೇನು ತಲೆ ಕೆಟ್ಟಿದೆಯಾ? ಮೇಷ್ಟ್ರು ಕೆಲಸ ಮಾಡೋಳು ನೀನು' ಎಂದು ರೇಗಿದೆ. ಅವಳು ಸುಮ್ಮನಾಗಲಿಲ್ಲ. 'ಇದೂ ನನ್ನ ಪಾಠದ್ದೇ. ಹುಳಿ, ಒಗರು, ಸಕ್ಕರೆ. ಲ್ಯಾಬಲ್ಲಿ ಮೂಸಿದ್ರೆ ಸಂಬಳ, ಇಲ್ಲಿ ಮೂಸಿದ್ರೆ ಸಂತೋಷ. ಅಷ್ಟೇ ವ್ಯತ್ಯಾಸ.' ಬಾಯಲ್ಲಿ ಅವಳನ್ನು ಗೆದ್ದವರಿಲ್ಲ. ನಾನೂ ಗೆಲ್ಲಲಿಲ್ಲ.

ವೈನ್ ತರುವುದು ನನ್ನ ಪಾಲಿಗೆ ಬಂತು. ನಮ್ಮ ಕಡೆ ಊರೂರಿಗೂ 'ವೈನ್ಸ್' ಎಂದು ಬೋರ್ಡು ಹಾಕಿದ ಅಂಗಡಿಗಳಿವೆ. ಒಳಗೆ ಹೋದರೆ ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಿಗುತ್ತದೆ. ಚನ್ನರಾಯಪಟ್ಟಣದ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ವೈನ್ ಕೊಡಿ ಎಂದರೆ 'ಕ್ವಾರ್ಟ್ರಾ, ಆಫಾ ಸಾ?' ಎಂದು ಕೇಳಿದ. ಕೊನೆಗೆ ಹಾಸನದಲ್ಲೇ ಒಬ್ಬ ಅಂಗಡಿಯವನು ಸಿಕ್ಕಿದ. ಅವನು ಧೂಳು ಹಿಡಿದ ಬಾಟಲಿಯೊಂದನ್ನು ಹಿಂದಿನಿಂದ ತೆಗೆದು, ಬಟ್ಟೆಯಲ್ಲಿ ಒರೆಸುತ್ತ, 'ಮನೇಲಿ ಯಾರಾದ್ರೂ ಬಾಣ್ತಿ ಅವ್ರಾ ಸಾ?' ಎಂದ. ಬಸುರಿ ಬಾಣಂತಿಯರಿಗಲ್ಲದೆ ಇದನ್ನು ಬೇರೆ ಯಾರು ಕೇಳುತ್ತಾರೆ ಎಂಬುದು ಅವನ ಲೆಕ್ಕ. ನಾನು ದುಡ್ಡು ಕೊಟ್ಟು ಬಾಟಲಿ ತೆಗೆದುಕೊಂಡು ಬಂದೆ. ಮನೆಯಲ್ಲಿ ಹೇಳಬಾರದು ಎಂದುಕೊಂಡಿದ್ದೆ. ನನ್ನ ಬಾಯಿ ಕೇಳಬೇಕಲ್ಲ, ಹೇಳಿಬಿಟ್ಟೆ. ಅವಳು ಒಂದು ಗಳಿಗೆ ಬಾಟಲಿಯನ್ನೇ ನೋಡಿ, 'ಹೂಂ ಅನ್ನಬೇಕಿತ್ತು ನೀವು, ಫ್ರೆಶ್ ಆಗಿರೋದು ಕೊಡ್ತಿದ್ದ' ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮೊದಲ ಭಾನುವಾರ ಬಸ್ಸಾರನ್ನೇ ಮಾಡಿದಳು. ಹುರುಳಿ ಕಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಖಾರ, ಜೊತೆಗೆ ಬಿಸಿ ಮುದ್ದೆ. ವೈನು ಗಾಢ ಕೆಂಪಿನದು. ಒಂದು ತುತ್ತು ನುಂಗಿ ಒಂದು ಗುಟುಕು ಕುಡಿದೆ. ಹಸಿ ಅಡಿಕೆ ಹೋಳನ್ನು ಖಾರದಲ್ಲಿ ಅದ್ದಿ ಅಗಿದ ಹಾಗಾಯಿತು. 'ಥೂ, ಏನೇ ಇದು, ಮೋಟಾರು ವಾರ್ನಿಷ್ ಇದ್ದಂಗಿದೆ' ಎಂದೆ. ಅವಳೂ ಮುಖ ಹುಳ್ಳಗೆ ಮಾಡಿಕೊಂಡಳು, ಆದರೆ ಸೋಲಲಿಲ್ಲ. ಕಣ್ಣು ಮುಚ್ಚಿ ಬಾಯಲ್ಲೇ ಹೊರಳಿಸಿ, 'ಖಾರಕ್ಕೂ ಒಗರಿಗೂ ಆಗಿಬರಲ್ಲ. ಇಬ್ರೂ ಒಂದೇ ಜಗಲೀಲಿ ಕೂರಲ್ಲ' ಎಂದು ತೀರ್ಪು ಕೊಟ್ಟಳು.

ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಒಂದು ಅಡುಗೆ, ಅದಕ್ಕೊಂದು ವೈನ್. ಉಪ್ಸಾರಿನ ಖಾರಕ್ಕೆ ಸ್ವಲ್ಪ ಸಿಹಿಯಿರುವ ಬಿಳಿ ವೈನು ಹೊಂದಿತು. ಖಾರ ತಣ್ಣಗಾಗಿ, ಸಿಹಿ ಸಿಹಿಯೆನಿಸದೆ, ಎರಡೂ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟವು. ನಾಟಿಕೋಳಿ ಸಾರಿಗೆ ತಿಳಿಗುಲಾಬಿ ಬಣ್ಣದ್ದು. ಹೇಮಾವತಿ ಹೊಳೆಯ ಮೀನಿಗೆ ಹುಣಸೆಹುಳಿ ಹಾಕಿದ ದಿನ ವೈನು ಸಾರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಹುಳಿಯಿರಬೇಕು, ಇಲ್ಲದಿದ್ದರೆ ನೀರು ಕುಡಿದ ಹಾಗೆ. ಮುದ್ದೆಯದೇ ಒಂದು ಪೇಚು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ವೈನನ್ನು ನುಂಗುವ ಹಾಗಿಲ್ಲ, ಬಾಯಲ್ಲಿ ಹೊರಳಿಸಬೇಕು. ಮುದ್ದೆ ಇಳಿದ ಮೇಲೆ ಬರೀ ಸಾರನ್ನು ಒಂದು ಸಲ ಸುರಿದುಕೊಂಡು ಆಮೇಲೆ ಗುಟುಕು ಹಾಕಬೇಕು ಎಂದು ಅವಳು ಕಾನೂನು ಮಾಡಿದಳು. ನಾನು ಮರೆತು ಮೊದಲೇ ಲೋಟಕ್ಕೆ ಕೈಹಾಕಿದರೆ ಮಣಿಕಟ್ಟಿನ ಮೇಲೆ ಸೌಟಿನಲ್ಲಿ ಒಂದು ಬೀಳುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಮಧ್ಯಾಹ್ನವೆಲ್ಲ ಕೂತು ಕಾಳು ಹಿತುಕಿ, ಸಂಜೆ ಹಿತಕಿದಬೇಳೆ ಸಾರು ಮಾಡಿ, ಹಸಿರು ವಾಸನೆಯ ಬಿಳಿ ವೈನೊಂದನ್ನು ಬಗ್ಗಿಸಿ, 'ಮೂಸಿ ನೋಡ್ರೀ, ಸೊಗಡು!' ಎಂದಳು. ನಾನು ಮೂಸಿದೆ. ನನಗೆ ಏನೂ ತಿಳಿಯಲಿಲ್ಲ. 'ಹೌದು, ಸೊಗಡು' ಎಂದೆ. 'ಸುಳ್ಳು' ಎಂದಳು. ಎದ್ದು ಹೋಗಿ ಬುಟ್ಟಿಯಿಂದ ಅವರೆ ಸಿಪ್ಪೆ ತಂದು ನನ್ನ ಮೂಗಿಗೆ ಹಿಡಿದು, ಮತ್ತೆ ಲೋಟ ಹಿಡಿದು, ನನಗೆ ನಿಜವಾಗಿ ತಿಳಿಯುವವರೆಗೂ ಬಿಡಲಿಲ್ಲ. ತಿಳಿದಾಗ ನಾನು 'ಅರೆ!' ಎಂದೆ. ಆಗ ಅವಳಿಗಾದ ಸಂತೋಷ, ನಾನು ಚಿನ್ನದ ಬಳೆ ಮಾಡಿಸಿಕೊಟ್ಟಾಗಲೂ ಆಗಿರಲಿಲ್ಲ. ನನಗೂ ಅಷ್ಟೇ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಹೆಂಡತಿಯ ಜೊತೆ ಮಾತಾಡಲು ಇಷ್ಟೊಂದು ಇದೆಯೆಂದು ಗೊತ್ತಾಗಿದ್ದು ಆ ಮೇಜಿನಲ್ಲಿ. ನಾನು ಸುಖವಾಗಿದ್ದೆ. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಕಿಟಕಿ ಮಾತ್ರ ಮುಚ್ಚಿಕೊಳ್ಳುತ್ತಿದ್ದೆವು. ಮೇಡಮ್ಮು ಕುಡಿಯುತ್ತಾರಂತೆ ಎಂದು ಒಂದು ಮಾತು ಹೊಳೆನರಸೀಪುರಕ್ಕೆ ಮುಟ್ಟಿದರೆ ಸಾಕು, ಮಾರನೆಯ ದಿನ ಬೋರ್ಡಿನ ಮುಂದೆ ನಿಲ್ಲುವ ಹಾಗಿಲ್ಲ. ಆದರೆ ಅವಳ ನಿಜವಾದ ಭಯ ಕಾಲೇಜಿನದಲ್ಲ. ಅವಳ ತಮ್ಮನದು.

ಆ ತಮ್ಮನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರ ತಾಯಿ ಬೇಗ ಹೋದರು. ತಂದೆ ಕುಡಿದು ಕುಡಿದು, ಹೊಗೆಸೊಪ್ಪು ಮಾರಿದ ದುಡ್ಡನ್ನೆಲ್ಲ ಸಾರಾಯಿ ಅಂಗಡಿಗೆ ಸುರಿದು, ಕೊನೆಗೆ ರಕ್ತ ಕಾರಿ ಸತ್ತರು. ತಮ್ಮನಿಗೆ ತಲೆ ಬಾಚಿ, ತುತ್ತಿಟ್ಟು ಸಾಕಿದವಳು ಇವಳು. ತಂದೆಯ ಮಣ್ಣು ಮುಗಿಸಿ ಬಂದ ದಿನವೇ ಅವನ ಕೈ ಹಿಡಿದು, ಜನ್ಮದಲ್ಲಿ ಕುಡಿಯುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಳು. ಅವನು ಈಗ ಶುಂಠಿ, ಜೋಳ ಬೆಳೆಯುವ ದೊಡ್ಡ ರೈತ. ಕೂಲಿಯಾಳಿನಿಂದ ವ್ಯಾಪಾರಿಯವರೆಗೆ ಸುತ್ತ ಎಲ್ಲರೂ ಕುಡಿಯುವವರೇ. ಆದರೂ ಆ ಆಣೆಯನ್ನು ಒಂದು ದಿನಕ್ಕೂ ಮುರಿದಿಲ್ಲ. 'ಅಕ್ಕನ ಮಾತು' ಎಂದರೆ ಅವನಿಗೆ ದೇವರ ಮಾತು. 'ಯಾರಿಗೆ ಗೊತ್ತಾದ್ರೂ ಚಿಂತೆಯಿಲ್ಲ, ಅವನಿಗೆ ಮಾತ್ರ ಗೊತ್ತಾಗಬಾರದು ಕಣ್ರೀ' ಎಂದು ಅವಳು ಎಷ್ಟೋ ಸಲ ಹೇಳಿದ್ದಳು. 'ಅಪ್ಪ ಕುಡಿದಿದ್ದು ಬೇರೆ, ನಾವು ಕುಡಿಯೋದು ಬೇರೆ. ಆದ್ರೆ ಅದನ್ನ ಅವನಿಗೆ ತಿಳಿಸೋದು ಹೇಗೆ?'

ಒಂದು ಭಾನುವಾರ ಅವ್ವ ಹೇಳದೆ ಕೇಳದೆ ಬಂದುಬಿಟ್ಟರು. ನನ್ನ ತಮ್ಮ ಯಾರದೋ ಗಾಡಿಯಲ್ಲಿ ತೆಂಗಿನಕಾಯಿ ಮೂಟೆಯ ಜೊತೆ ಕೂರಿಸಿ ಕಳಿಸಿದ್ದ. ಬಾಗಿಲು ತೆಗೆದವನು ನಾನು. ಅವ್ವ ಸೀದಾ ಒಳಗೆ ಬಂದರೆ ಮೇಜಿನ ಮೇಲೆ ಬಾಟಲಿ, ಎರಡು ಲೋಟ, ಎರಡರಲ್ಲೂ ಕೆಂಪಗೆ ಅರ್ಧರ್ಧ. ನನ್ನ ಹೆಂಡತಿ ಒಲೆಯ ಮುಂದೆ ಕಲ್ಲಿನಂತೆ ನಿಂತಿದ್ದಳು.

'ಏನ್ಲಾ ಇದು?' ಎಂದರು ಅವ್ವ. 'ಮನೆ ಒಳ್ಗೇ ತಂದ್ ಮಡೀಕಂಡಿದ್ದೀಯಲ್ಲೋ. ಇನ್ನೊಂದ್ ಲೋಟ ಯಾರ್ದ್ಲಾ?'

'ನನ್ನ ಸ್ನೇಹಿತಂದು ಕಣವ್ವ. ಈಗ ತಾನೇ ಎದ್ದೋದ,' ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಿಸಿ ತಂತಿ ತಾಗಿದರೆ ಕೈ ತಾನೇ ಹಿಂದಕ್ಕೆ ಬರುತ್ತದಲ್ಲ, ಹಾಗೆ ಬಂತು. ಅವ್ವ ಅಲ್ಲೇ ಕುಸಿದು ಕೂತು, 'ಅಯ್ಯೋ ನನ್ ಕರ್ಮವೇ' ಎಂದು ಹಣೆ ಬಡಿದುಕೊಂಡರು. ಸೊಸೆಯನ್ನು ಹತ್ತಿರ ಕರೆದು, ತಲೆ ಸವರಿ, 'ಇಂಥವ್ನ ಕಟ್ಕಂಡು ಎಂಗವ್ವ ಬಾಳ್ತಿದ್ದೀಯ? ಒಂದ್ ಮಾತ್ ನಂಗ್ ಯೋಳ್ಬಾರ್ದಾ?' ಎಂದು ಅತ್ತರು. ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆಯುವವಳಿದ್ದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ.

ಅವ್ವ ಊರಿಗೆ ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು, 'ಪಾಪ ರೀ, ನಿಮ್ಮ ಮೇಲೆ ಬಂತಲ್ಲ. ನಾನು ಹೇಳಿಬಿಡ್ಲಾ?' ಎಂದಳು. ಸುಮ್ಮನಿರು ಎಂದೆ. ಗಂಡಸು ಕುಡಿದರೆ ಊರು ಒಂದು ವಾರ ಆಡಿಕೊಂಡು ಮರೆಯುತ್ತದೆ. ಹೆಂಗಸು ಕುಡಿದರೆ ಅವಳು ಸತ್ತ ಮೇಲೂ ಬಿಡುವುದಿಲ್ಲ. ಆವತ್ತು ಹಾಗೆ ಹೇಳಿದ್ದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಸುದ್ದಿ ಅರಕಲಗೂಡಿಗೆ ತಲುಪಿತು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಜನ, ನಾನಂತೂ ಸಿಕ್ಕಿಬಿದ್ದವನು. ಖಾಲಿ ಬಾಟಲಿಗಳನ್ನು ಮನೆಯ ಕಸಕ್ಕೆ ಹಾಕುವ ಹಾಗಿಲ್ಲವೆಂದು ಮೋಟಾರಿನ ರಟ್ಟಿನ ಡಬ್ಬದಲ್ಲಿ ಅಂಗಡಿಗೆ ಒಯ್ಯುತ್ತಿದ್ದೆ. ಹಾಗಾಗಿ ನನ್ನ ಕೆಲಸಗಾರರೂ ಸಾಕ್ಷಿಗಳಾದರು. ಅವಳ ತಮ್ಮ ಅಂಗಡಿಗೇ ಬಂದ. ಶುಂಠಿಗೆ ಹನಿ ನೀರಾವರಿ ಪೈಪು ಬೇಕು ಎಂದು ಶುರುಮಾಡಿ, ಕೊನೆಗೆ ನೆಲ ನೋಡುತ್ತ ಹೇಳಿದ: 'ಬಾವ, ನೀವ್ ದೊಡ್ಡೋರು, ನಿಮ್ಗೆ ನಾ ಯೋಳಂಗಿಲ್ಲ. ನಮ್ಮಕ್ಕ ಚಿಕ್ಕೋಳಿದ್ದಾಗ ಕುಡುಕ್ರ ಮನೇಲಿ ಬೆಂದವ್ಳೆ. ಇನ್ನೊಂದ್ ದಪ ಬೇಯುಸ್ಬ್ಯಾಡಿ.' ನಾನು ಆಗಲಿ ಎಂದೆ. ಅವನು ಕೈಮುಗಿದು ಹೋದ. ಆ ಸಂಜೆ ಇದನ್ನು ಕೇಳಿ ಅವಳು ಊಟ ಮಾಡಲಿಲ್ಲ. ಕೆಲವು ಭಾನುವಾರ ಬಾಟಲಿ ತೆಗೆಯಲಿಲ್ಲ. ಆಮೇಲೆ ನಾನೇ ಒಂದು ತಂದು ಮೇಜಿನ ಮೇಲಿಟ್ಟು, 'ನಾನು ಹೇಗೂ ಕುಡುಕ, ಇನ್ನು ಕುಡಿಯದೆ ಇದ್ದರೆ ಅನ್ಯಾಯವಾಗುತ್ತೆ, ತೆಗಿ' ಎಂದೆ. ಅವಳು ನಕ್ಕಳು. ಮತ್ತೆ ನಡೆಯಿತು.

ಅವಳಿಗೆ ಬಿ.ಪಿ. ಇತ್ತು. ಮಾತ್ರೆ ನುಂಗುತ್ತಿದ್ದಳು, ಕೆಲವು ದಿನ ಮರೆಯುತ್ತಿದ್ದಳು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಒಂದು ಮಧ್ಯಾಹ್ನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ತಲೆನೋವು ಎಂದು ಮೇಜಿಗೆ ಒರಗಿದವಳು ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತ ಸೋರಿತ್ತಂತೆ. ಹೊಳೆನರಸೀಪುರದಿಂದ ಹಾಸನಕ್ಕೆ ಆಂಬ್ಯುಲೆನ್ಸಿನಲ್ಲಿ ತರುವಷ್ಟರಲ್ಲಿ ಮುಗಿದಿತ್ತು. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಸ್ಟ್ರೆಚರ್ ಇಳಿಸಿದಾಗ ಅವಳ ಬಲಗೈ ಬೆರಳುಗಳಲ್ಲಿ ಇನ್ನೂ ಚಾಕ್‌ಪೀಸಿನ ಪುಡಿ ಇತ್ತು. ಅದನ್ನು ನಾನು ಒರೆಸಲಿಲ್ಲ.

ತಿಥಿಯ ದಿನ, ಊರಿನ ಮನೆಯ ಮುಂದಿನ ಚಪ್ಪರದಲ್ಲಿ, ನೆಂಟರೆಲ್ಲ ಕೂತಿದ್ದಾಗ ಅವಳ ತಮ್ಮ ಎದ್ದುನಿಂತ. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವನು ಆವತ್ತು ನೀನು ಎಂದ. 'ನಮ್ಮಕ್ಕ ಬಿ.ಪಿ.ಯಿಂದ ಸಾಯ್ನಿಲ್ಲ ಕಣ. ನಿನ್ ಕುಡ್ತದ ಕೊರಗ್ನಲ್ಲೇ ಓದ್ಳು. ಬಾಯ್ಬುಟ್ ಒಂದಿನ ನಂತಾವ ಅಳ್ನಿಲ್ಲ, ಅಷ್ಟು ಮಾನ ಇದ್ದೋಳು.' ಯಾರೂ ಅವನನ್ನು ತಡೆಯಲಿಲ್ಲ. ನನ್ನ ಅವ್ವ ಕೂಡ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ನುಂಗಿಕೊಂಡೆ. ಅವಳು ಕೇಳಿಕೊಂಡಿದ್ದು ಅದೊಂದೇ ತಾನೇ, ಅವನಿಗೆ ಮಾತ್ರ ಗೊತ್ತಾಗಬಾರದು ಎಂದು. ಹೆಂಡತಿ ಸತ್ತ ದುಃಖದ ಮೇಲೆ ಹೆಂಡತಿಯನ್ನು ಕೊಂದವನು ಎಂಬ ಹೆಸರನ್ನೂ ಹೊತ್ತುಕೊಂಡು ಹಾಸನಕ್ಕೆ ಬಂದೆ. ಭಾನುವಾರ ಸಂಜೆಗಳಲ್ಲಿ ಅಂಗಡಿ ತೆಗೆಯಲು ಶುರುಮಾಡಿದೆ. ಗಿರಾಕಿ ಬರಲಿ ಬಿಡಲಿ.

ಮಳೆಗಾಲ ಕಳೆದು ಪಿತೃಪಕ್ಷ ಬಂತು. ನಮ್ಮ ಕಡೆ ಹಿರಿಯರ ಹಬ್ಬ ಎನ್ನುತ್ತಾರೆ. ಸತ್ತವರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ ಎಡೆ ಇಡುತ್ತಾರೆ. ಬದುಕಿದ್ದಾಗ ಅವರು ಇಷ್ಟಪಟ್ಟು ಉಂಡದ್ದು, ಕುಡಿದದ್ದು, ಸೇದಿದ್ದು ಎಲ್ಲ ಎಲೆಯ ಮೇಲೆ ಇರಬೇಕು. ಬಟ್ಟೆಯೂ ಹೊಸದಿರಬೇಕು. ಆಮೇಲೆ ದೀಪವಿಟ್ಟು, ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕಾಯುತ್ತಾರೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಇಷ್ಟದ್ದು ಇಡದಿದ್ದರೆ ಅವರು ಹಸಿದುಕೊಂಡು ಹೋಗುತ್ತಾರಂತೆ. ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಪ್ರತಿ ವರ್ಷ ಹೋಗಿ, ಕೈಮುಗಿದು, ಚೆನ್ನಾಗಿ ಉಂಡು ಬರುತ್ತಿದ್ದೆ.

ಈ ಸಲ ಹಬ್ಬದ ಹಿಂದಿನ ದಿನ ಹಾಸನದ ಆ ಅಂಗಡಿಗೆ ಹೋದೆ. ನಾನಾಗಿ ವೈನ್ ಆರಿಸಿದ್ದು ಅದೇ ಮೊದಲು. ಎಡೆಗೆ ಮಟನ್ ಸಾರು ಇರುತ್ತದೆ, ನಮ್ಮ ಮನೆಯ ಮಟನ್ ಸಾರು ಖಾರ. ಒಗರು ಹೆಚ್ಚಿರಬಾರದು. ಕೆಂಪಗಿರಲಿ, ಆದರೆ ತಿಳಿಯಾಗಿರಲಿ, ನೇರಳೆ ಹಣ್ಣಿನ ವಾಸನೆ ಇರಲಿ. ಬಾಟಲಿಗಳ ಮುಂದೆ ಬಹಳ ಹೊತ್ತು ನಿಂತು ಒಂದನ್ನು ತೆಗೆದುಕೊಂಡೆ. ಸರಿಯಾ ಎಂದು ಕೇಳಲು ಪಕ್ಕದಲ್ಲಿ ಅವಳಿರಲಿಲ್ಲ. ಅಂಗಡಿಯವನು 'ಬಾಳ ದಿನ ಆಯ್ತು ಸಾ' ಎಂದ. ಹೌದಪ್ಪ ಎಂದೆ. ಬಾಟಲಿಯನ್ನು ಇಡುತ್ತೇನೆಂದು ಗಟ್ಟಿ ಮನಸ್ಸು ಮಾಡಿರಲಿಲ್ಲ. ಚೀಲದಲ್ಲಿ ಜೊತೆಗಿರಲಿ ಎಂದಷ್ಟೇ ಒಯ್ದೆ.

ಹೊಸದಾಗಿ ಹೋದವರ ಎಡೆಗೆ ತವರಿನವರೂ ಬರುತ್ತಾರೆ. ಅವಳ ತಮ್ಮ ಸೀರೆ, ಬಳೆ, ಅರಿಶಿನ ಕುಂಕುಮ, ಮೊಳಗಟ್ಟಲೆ ಹೂವು ತಂದಿದ್ದ. ನನ್ನ ಜೊತೆ ಮಾತಾಡಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಗೋಡೆಗೆ ಸಾಲಾಗಿ ಎಲೆ ಹಾಕಿದರು. ಅಜ್ಜ, ಅಜ್ಜಿ, ಅಪ್ಪ, ಕೊನೆಯಲ್ಲಿ ಅವಳು. ಮುದ್ದೆ, ಅನ್ನ, ಮಟನ್ ಸಾರು, ವಡೆ, ಕಜ್ಜಾಯ. ಅಪ್ಪನ ಎಲೆಗೆ ನನ್ನ ತಮ್ಮ ಒಂದು ಲೋಟ ಬ್ರಾಂದಿ, ಒಂದು ಕಟ್ಟು ಬೀಡಿ ಇಟ್ಟ. ಅವ್ವ ಗೋಡೆಗೊರಗಿ ಕೂತು ಉಸ್ತುವಾರಿ ನೋಡುತ್ತಿದ್ದರು. 'ನಿಮ್ಮಪ್ಪಂಗೆ ನಲ್ಲಿ ಮೂಳೆ ಆಕ್ರೋ, ಅವುಂಗ್ ಅದೇ ಆಸೆ.' ಆಮೇಲೆ ಕೊನೆಯ ಎಲೆ ನೋಡಿ ಅವ್ವನ ದನಿ ಇಳಿಯಿತು. 'ಅವ್ಳಿಗೆ ಏನೇನಿಷ್ಟ್ವೋ ಎಲ್ಲಾ ನೆನುಸ್ಕಂಡು ಮಡಗ್ರಪ್ಪ. ಒಸಬ್ಳು. ಕೇಳಕ್ ನಾಚ್ಕತಾಳೆ.'

ಆ ಮಾತು ನನ್ನನ್ನು ಮುರಿದುಹಾಕಿತು. ಸತ್ತವರು ಬಂದು ಉಣ್ಣುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅವಳು ಗುರುತು ಪರಿಚಯವಿಲ್ಲದ ಹಿರಿಯರ ಸಾಲಿನ ತುದಿಯಲ್ಲಿ ತಲೆ ತಗ್ಗಿಸಿ ಕೂತು, ತನ್ನ ಎಲೆಯ ಬಲಗಡೆ ಏನೂ ಇಲ್ಲದ್ದನ್ನು ನೋಡುತ್ತಿರುವುದು ನನಗೆ ಕಂಡಿತು. ಪಕ್ಕದಲ್ಲೇ ಮಾವನಿಗೆ ಲೋಟ ಇದೆ, ಅವಳಿಗಿಲ್ಲ. ಚೀಲದಿಂದ ಬಾಟಲಿ ತೆಗೆದೆ, ಗಾಜಿನ ಲೋಟಕ್ಕೆ ಬಗ್ಗಿಸಿದೆ, ತಂದು ಅವಳ ಎಲೆಯ ಬಲಗಡೆ ಇಟ್ಟೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವಳ ತಮ್ಮ ಬಗ್ಗಿ ಮೂಸಿ ನೋಡಿದ. 'ಏನಿದು?'

'ಅವಳಿಗೆ,' ಎಂದೆ.

'ಬದುಕಿದ್ದಾಗ ಅವ್ಳುನ್ನ ಉರುದ್ ಮುಕ್ಕಿದ್ದು ಸಾಲ್ದಾ? ಸತ್ ಮ್ಯಾಲೂ ಅವ್ಳ್ ಎಲೆ ಮುಂದುಕ್ ತಂದಿದ್ದೀಯಾ?'

ಆಗ ಹೇಳಿಬಿಟ್ಟೆ. ತಿಂಗಳುಗಟ್ಟಲೆ ತಡೆದಿದ್ದು ಒಂದೇ ಉಸಿರಿಗೆ ಬಂತು. ಅವ್ವ ನೋಡಿದ ಎರಡನೆಯ ಲೋಟ ಯಾವ ಸ್ನೇಹಿತನದೂ ಅಲ್ಲ, ಅವಳದು. ನಂದಿ ಬೆಟ್ಟದ ಟ್ರಿಪ್ಪು, ಬಸ್ಸಾರು, ಅವರೆ ಸೊಗಡು ಎಲ್ಲ ಹೇಳಿದೆ. ಅವಳು ಕುಡುಕಿಯಲ್ಲ, ಅವಳಿಗೆ ರುಚಿ ಗೊತ್ತಿತ್ತು, ಅದರಲ್ಲಿ ಅವಳಿಗೆ ಖುಷಿ ಇತ್ತು, ನನ್ನ ಮನೆಯಲ್ಲಿ ಅವಳು ಅಳುತ್ತ ಬಾಳಲಿಲ್ಲ, ನಗುತ್ತ ಬಾಳಿದಳು ಎಂದೆ. ಹೇಳುವಾಗ ನನಗೆ ಅಳು ಬಂತು, ಆದರೂ ಎದೆ ಹಗುರಾಯಿತು. ನಂಬುತ್ತಾರೆ ಎಂದೇ ಅಂದುಕೊಂಡಿದ್ದೆ.

ಅವನು ಕೂಗಾಡುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಅದೇನೂ ಮಾಡಲಿಲ್ಲ. ಎಲ್ಲರ ಮುಖ ಒಂದೊಂದಾಗಿ ನೋಡಿದ, ಯಾರಾದರೂ ಇದು ಸುಳ್ಳು ಎನ್ನಲಿ ಎಂಬಂತೆ. ಆಮೇಲೆ ಅವಳ ಎಲೆಯ ಮುಂದೆ ಕುಸಿದು ಕೂತ. ಅಷ್ಟೆತ್ತರದ ಆಳು, ಮಗುವಿನ ಹಾಗೆ ಬಿಕ್ಕಳಿಸಿದ.

'ನಮ್ಮವ್ವ ಸತ್ತಾಗ ನನ್ ಬಾಯ್ಗೆ ತುತ್ತಿಟ್ಟೋಳು ಕಣ ಬಾವ ಅವ್ಳು. ಅವ್ಳ್ ಕೈ ಇಡ್ದು ಆಣೆ ಮಾಡಿವ್ನಿ. ಎಷ್ಟೋ ದಿನ ಬಾಯ್ಗಂಟ ಬಂದ್ ಲೋಟ, ನಮ್ಮಕ್ಕನ್ ಮಕ ನೆನುಸ್ಕಂಡು ಕೆಳಗಿಟ್ಟಿವ್ನಿ. ನಿನ್ ತಪ್ ಮುಚ್ಕಳಾಕೆ ಆ ಬಾಯ್ಗೆ ಎಂಡ ಅಂಟುಸ್ತೀಯಲ್ಲ. ನಂಗೆ ಅವ್ಳ್ ಬಿಟ್ರೆ ಇನ್ನೇನ್ ಐತೆ? ಇದೊಂದ್ ಮಾಡ್ಬ್ಯಾಡ ಬಾವ. ನಿನ್ ಕಾಲ್ ಇಡ್ಕತೀನಿ.'

ನಿಜವಾಗಿಯೂ ನನ್ನ ಕಾಲಿಗೆ ಕೈಹಾಕಿದ. ಅವನ ಅಕ್ಕನ ಹಾಗೇ ಉದ್ದನೆಯ ಬೆರಳು.

ಅವನು ನಂಬಿಲ್ಲ ಎಂಬುದಲ್ಲ ನನಗೆ ಆಗ ತೋಚಿದ್ದು. ಅರ್ಧ ನಂಬಿದ್ದ, ಅದಕ್ಕೇ ಬೇಡುತ್ತಿದ್ದ. ಇನ್ನೊಂದು ಮಾತು ಆಡಿದರೆ ಪೂರ್ತಿ ನಂಬುತ್ತಿದ್ದ. ಆಮೇಲೆ ಆ ಆಣೆ ಏನಾಗುತ್ತದೆ, ಶುಂಠಿ ಹೊಲದಿಂದ ಸಂಜೆ ಮನೆಗೆ ಬರುವ ದಾರಿಯಲ್ಲಿ ಅವನು ಯಾರ ಮುಖ ನೆನೆಸಿಕೊಳ್ಳಬೇಕು? ಅವಳು ಸಾಕಿದ ಮಗು ಅದು. ನಮಗೆ ಇದ್ದ ಒಂದೇ ಮಗು ಎಂದರೂ ನಡೆಯುತ್ತದೆ.

'ಏಳಪ್ಪ,' ಎಂದೆ. 'ತಪ್ಪಾಯ್ತು. ಸುಳ್ಳು ಯೋಳ್ದೆ. ಇದು ನಂದೇ.'

ಅವನು ತಲೆಯೆತ್ತಿ ನನ್ನನ್ನು ನೋಡಿದ. ಆ ಮುಖದಲ್ಲಿ ಜೀವ ಬಂತು, ಅದರ ಹಿಂದೆಯೇ ಅಸಹ್ಯವೂ ಬಂತು. ಲೋಟ ತೆಗೆದು ನನ್ನ ಕೈಗೆ ಕೊಟ್ಟ. 'ಕುಡಿ ಮತ್ತೆ. ಕುಡ್ದು ಆಚೆ ಓಗು. ಅವ್ಳು ನೆಮ್ದಿಯಾಗ್ ಉಣ್ಲಿ.'

ಎಲ್ಲರೂ ನೋಡುತ್ತಿದ್ದರು. ಅವಳ ಎಲೆಯ ಮುಂದೆ ನಿಂತು ಅವಳ ಪಾಲಿನ ವೈನನ್ನು ನಾನು ಕುಡಿದೆ. ಗಟಗಟನೆ ಕುಡಿಯಲಾಗಲಿಲ್ಲ, ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು, ಹೊರಳಿಸಿಯೇ ಇಳಿಯಿತು. ಮಟನ್ ಸಾರಿನ ಹಬೆ ಮೂಗಿಗೆ ಬರುತ್ತಿತ್ತು. ಒಗರು ಹೆಚ್ಚಿರಲಿಲ್ಲ. ಖಾರದ ಜೊತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ನಾನು ಆರಿಸಿದ್ದು ಸರಿಯಾಗಿತ್ತು.

ಎಲ್ಲರೂ ಹೊರಗೆ ಬಂದೆವು. ನನ್ನ ತಮ್ಮ ಬಾಗಿಲು ಎಳೆದುಕೊಂಡ. ಒಳಗೆ ದೀಪದ ಬೆಳಕಿನಲ್ಲಿ ಅವಳು ಉಣ್ಣುತ್ತಿದ್ದಳು, ಲೋಟವಿಲ್ಲದೆ. ಜಗಲಿಯ ಮೇಲೆ ಅವ್ವ ನನ್ನ ಪಕ್ಕದಲ್ಲಿ ಕೂತು ಬೆನ್ನು ಸವರಿದರು. 'ಇವತ್ತೊಂದ್ ದಿನಾನಾದ್ರೂ ತಡ್ಕಬಾರ್ದಿತ್ತೇನ್ಲಾ ಮಗ?' ಎಂದು ಅತ್ತರು.

'ಆಗ್ನಿಲ್ಲ ಕಣವ್ವ,' ಎಂದೆ.